ತಕ್ಕಡಿಗಿಂತ ಮುಂಚೆ ಪಟ್ಟಿ

ಅಜ್ಜಿ-ತಾತನ ಕಾಲದ ಬೆಳ್ಳಿ ರೂಪಾಯಿಗಳ ಬಗ್ಗೆ ನಮ್ಮ ವಯಸ್ಸಿನವರಿಗೆ ಮೂರು ಕಡೆಯಿಂದ ಜ್ಞಾನ ಬರುತ್ತೆ. ಒಂದು, "ಈ ನಾಣ್ಯ ನಿಮ್ಮ ಮನೇಲಿದ್ರೆ ನೀವು ಕೋಟ್ಯಧಿಪತಿ" ಅನ್ನೋ ವಿಡಿಯೋ. ಎರಡು, "ಹಳೇ ಬೆಳ್ಳಿ ಸಾರ್, ಕರಗಿಸಿದ್ರೆ ಅರ್ಧಾನೂ ಉಳಿಯಲ್ಲ" ಅನ್ನೋ ಬೆಳ್ಳಿ ಅಂಗಡಿಯವರು. ಮೂರು, "ಲಕ್ಷ್ಮಿ ಕಣಪ್ಪಾ, ಮಾರಬಾರದು" ಅನ್ನೋ ದೊಡ್ಡಮ್ಮ. ಈ ಮೂವರಲ್ಲಿ ಒಬ್ಬರಾದರೂ ನಾಣ್ಯವನ್ನ ತಿರುಗಿಸಿ ಇಸವಿ ಓದಿರ್ತಾರಾ ಅಂದ್ರೆ, ಸಾಮಾನ್ಯವಾಗಿ ಇಲ್ಲ.

ನನ್ನ ವಾದ ಇಷ್ಟೇ. ಮಾರ್ತೀರೋ, ಇಟ್ಕೊಳ್ತೀರೋ, ಅದು ನಿಮಗೆ ಬಿಟ್ಟದ್ದು. ಆದರೆ ಪಟ್ಟಿ ಮಾಡದೆ ಒಂದೇ ಒಂದು ನಾಣ್ಯವನ್ನೂ ಮನೆಯಿಂದ ಆಚೆ ಕಳಿಸಬೇಡಿ. ಪಟ್ಟಿ ಇಲ್ಲದ ವ್ಯಾಪಾರದಲ್ಲಿ ಯಾರಿಗಾದರೂ ಮೋಸ ಆಗಿಯೇ ಆಗುತ್ತೆ. ಬಹಳ ಸಲ ಅದು ಆಗೋದು ಆ ಅಂಗಡಿಯ ಮೆಟ್ಟಿಲನ್ನೇ ಹತ್ತಿರದ, ಮದುವೆಯಾಗಿ ಬೇರೆ ಊರಲ್ಲಿರೋ ಮನೆ ಮಗಳಿಗೆ.

ಮೊದಲು ವಿಡಿಯೋದವರ ವಿಚಾರ. ಒಂದು ಕಡೆ ಆಂಜನೇಯ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಇಸವಿ. ಇದನ್ನ ತೋರಿಸಿ ಲಕ್ಷ ಲಕ್ಷ ಅಂತಾರೆ. ಕಂಪನಿ ಅಂಥ ನಾಣ್ಯವನ್ನ ಚಲಾವಣೆಗೆ ತಂದೇ ಇಲ್ಲ. ಅದು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆ. ಇನ್ನು "ನಿಮ್ಮ ನಾಣ್ಯ ಕೊಳ್ತೀವಿ, ಮೊದಲು ನೋಂದಣಿ ಶುಲ್ಕ ಕಟ್ಟಿ" ಅನ್ನೋ ಕರೆಗಳು. ರಿಸರ್ವ್ ಬ್ಯಾಂಕಿನ ಹೆಸರು, ಲೋಗೋ ಹಾಕಿಕೊಂಡು ಹಳೇ ನಾಣ್ಯ-ನೋಟಿನ ವ್ಯವಹಾರಕ್ಕೆ ಕಮಿಷನ್ನು, ತೆರಿಗೆ ಅಂತ ದುಡ್ಡು ಕೇಳೋರ ಬಗ್ಗೆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ತಾನು ಇಂಥ ವ್ಯವಹಾರ ಮಾಡೋದೇ ಇಲ್ಲ ಅಂತಾನೂ ಹೇಳಿತ್ತು. ಫಿಶಿಂಗ್ ಮೇಲ್ ನೋಡಿದ ತಕ್ಷಣ ಸೆಕ್ಯುರಿಟಿ ಟೀಮಿಗೆ ಕಳಿಸೋ ನಾವು, ಅಜ್ಜಿ ನಾಣ್ಯದ ವಿಷಯ ಬಂದ್ರೆ ಯಾಕೆ ಮಂಕಾಗ್ತೀವೋ ಗೊತ್ತಿಲ್ಲ.

ಹಳೇದು ಅಂದ ಮಾತ್ರಕ್ಕೆ ಅಪರೂಪ ಅಲ್ಲ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಸಿಕ್ಕಿತು ಅಂತ ಕುಣೀಬೇಡಿ. ಆ ಇಸವಿಯನ್ನ ಹಾಗೇ ಇಟ್ಟುಕೊಂಡು 1873ರವರೆಗೂ ಟಂಕಿಸಿದರು. ನಿಜವಾದ ಇಸವಿ ಹಾಕೋಕೆ ಶುರು ಮಾಡಿದ್ದು 1874ರಲ್ಲಿ. ಐದನೇ ಜಾರ್ಜ್‌ನ 1918ರ ರೂಪಾಯಿ ಇನ್ನೂ ಸಾಮಾನ್ಯ. ಮೊದಲ ಮಹಾಯುದ್ಧದ ಹೊತ್ತಿಗೆ ಇಲ್ಲಿ ಬೆಳ್ಳಿಗೆ ಹಾಹಾಕಾರ ಎದ್ದಿತ್ತು. ಅಮೆರಿಕ ಆ ವರ್ಷ ಪಿಟ್‌ಮನ್ ಕಾಯ್ದೆ ಮಾಡಿ, ತನ್ನ ಕೋಟಿಗಟ್ಟಲೆ ಬೆಳ್ಳಿ ಡಾಲರ್ ಕರಗಿಸಿ ಬ್ರಿಟನ್ನಿಗೆ ಮಾರಿತು. ಆ ಬೆಳ್ಳಿ ಬಂದದ್ದು ಇಂಡಿಯಾಕ್ಕೆ. ನಿಮ್ಮಜ್ಜಿ ಗಂಟಿನಲ್ಲಿರೋ ರೂಪಾಯಿ ಒಂದು ಕಾಲಕ್ಕೆ ಅಮೆರಿಕದ ಡಾಲರ್ ಆಗಿದ್ದಿರಬಹುದು. ಕಥೆ ಚೆನ್ನಾಗಿದೆ, ಆದರೆ ಬೆಲೆ ಹೆಚ್ಚಿಲ್ಲ. ಬದಲಿಗೆ 1911ರ ರೂಪಾಯಿ ನೋಡಿ. ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆ ಆಗಿ, ಬಹುಪಾಲು ನಾಣ್ಯಗಳನ್ನ ವಾಪಸ್ ಕರಗಿಸಿ, ಚಿತ್ರ ತಿದ್ದಿದರು. ಆರನೇ ಜಾರ್ಜ್‌ನ 1939ರದ್ದು ನಿಜಕ್ಕೂ ಅಪರೂಪ. ಅದಕ್ಕೇ ಅದರ ನಕಲಿಗಳೂ ಓಡಾಡ್ತಾವೆ. ಓದಿದವರಿಗೆ ಮಾತ್ರ ಈ ವ್ಯತ್ಯಾಸ ಗೊತ್ತಾಗೋದು.

ಈಗ ಅಂಗಡಿ. 1835ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ 91.7 ಭಾಗ ಬೆಳ್ಳಿ. ಎರಡನೇ ಮಹಾಯುದ್ಧದಲ್ಲಿ, 1940ರಿಂದ, ಬೆಳ್ಳಿಯನ್ನ ಅರ್ಧಕ್ಕೆ ಇಳಿಸಿದರು. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕಲ್. ಮ್ಯಾಗ್ನೆಟ್ ಹಿಡಿದರೆ ಅಂಟಿಕೊಳ್ಳುತ್ತೆ. ಇಷ್ಟು ತಿಳಿದುಕೊಳ್ಳೋಕೆ ಲ್ಯಾಬ್ ಬೇಡ. ಇಸವಿ ಓದೋಕೆ ಬಂದ್ರೆ ಸಾಕು.

ನಮ್ಮೂರು ತಿಪಟೂರು ಕಡೆ. ನಮ್ಮಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ 46 ರೂಪಾಯಿಗಳ ಒಂದು ಬಟ್ಟೆ ಗಂಟು ಸಿಕ್ಕಿತು. ತವರಿಂದ ತಂದದ್ದು, ಕೊಬ್ಬರಿ ದುಡ್ಡಲ್ಲಿ ಸೇರಿಸಿದ್ದು ಎಲ್ಲಾ ಅದರಲ್ಲೇ. ಚಿಕ್ಕಪ್ಪ ಅದನ್ನ ಪೇಟೆಯ ಒಂದು ಅಂಗಡಿಗೆ ತಗೊಂಡು ಹೋದರು. ಅಂಗಡಿಯವರು 1944ರ ಒಂದು ನಾಣ್ಯ ಎತ್ತಿಕೊಂಡು ಟಚ್ ನೋಡಿ, "ಅರ್ಧ ಬೆಳ್ಳಿ" ಅಂತ ಇಡೀ ಗಂಟಿಗೆ ಅದೇ ಲೆಕ್ಕ ಹಾಕಿದರು. ನಾನು ಗಂಟು ವಾಪಸ್ ತರಿಸಿ ಎರಡು ಸಂಜೆ ಕೂತು ಪಟ್ಟಿ ಮಾಡಿದೆ. ವಿಕ್ಟೋರಿಯಾ 9, ಎಡ್ವರ್ಡ್ 5, ಐದನೇ ಜಾರ್ಜ್ 17, ಆರನೇ ಜಾರ್ಜ್‌ನ ಅರ್ಧ ಬೆಳ್ಳಿಯವು 12, ನಿಕಲ್ 3. ನಿಕಲ್ ಬಿಟ್ಟು ಉಳಿದ 43ಕ್ಕೆ ಅಂಗಡಿ ಲೆಕ್ಕದಲ್ಲಿ ಸುಮಾರು 250 ಗ್ರಾಂ ಬೆಳ್ಳಿ. ಇಸವಿ ನೋಡಿ ಲೆಕ್ಕ ಹಾಕಿದರೆ ಸುಮಾರು 400 ಗ್ರಾಂ. ಸವೆತಕ್ಕೆ ಸ್ವಲ್ಪ ಕಳೆದರೂ, ಅಜ್ಜಿಯ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬೆಳ್ಳಿ ಒಂದೇ ಮಾತಿನಲ್ಲಿ ಮಾಯ ಆಗೋದ್ರಲ್ಲಿತ್ತು. ಸಂಗ್ರಾಹಕರು ಕೊಡೋ ಬೆಲೆಯ ಮಾತು ನಾನಿನ್ನೂ ಎತ್ತೇ ಇಲ್ಲ.

ಲಕ್ಷ್ಮಿ ಅಂತ ಪೂಜೆಗಿಡೋದಕ್ಕೆ ನನ್ನ ತಕರಾರಿಲ್ಲ. ತಕರಾರಿರೋದು ಆ ಭಕ್ತಿಯ ಹೆಸರಲ್ಲಿ ನಡೆಯೋ ಕೆಲಸಗಳಿಗೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ವಿಭೂತಿ, ಹುಣಸೆಹಣ್ಣು ಹಾಕಿ ಗಸಗಸ ಉಜ್ಜಿ ಹೊಳಪು ಬರಿಸ್ತೀವಲ್ಲ, ಆ ಹೊಳಪನ್ನ ಸಂಗ್ರಾಹಕರು ಗಾಯ ಅಂತ ನೋಡ್ತಾರೆ. ನೂರು ವರ್ಷ ಕೂತ ಕಪ್ಪುಛಾಯೆ ಕೊಳೆಯಲ್ಲ. ಯಾರೂ ಕೈ ಹಾಕಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಸರಕ್ಕೆ ಹಾಕೋಕೆ ತೂತು ಕೊರೆದದ್ದು, ಕೊಂಡಿ ಬೆಸೆದದ್ದು ಕೂಡ ಹೆಚ್ಚುಕಮ್ಮಿ ಬೆಳ್ಳಿ ಬೆಲೆಗೇ ಇಳಿಯುತ್ತೆ. ಗಂಟು ಬಿಚ್ಚಿ ನೋಡದೆ "ಮಾರಬಾರದು" ಅನ್ನೋದು ಭಕ್ತಿಯೂ ಅಲ್ಲ, ಉಳಿತಾಯವೂ ಅಲ್ಲ. ನಾಳೆ ಯಾರಾದರೂ ನಾಲ್ಕು ನಾಣ್ಯ ಎತ್ತಿಕೊಂಡು ಹೋದರೆ ಯಾವುದು ಹೋಯಿತು ಅಂತ ಹೇಳೋಕೂ ಯಾರಿಗೂ ಬರಲ್ಲ.

ಅಸಲು ಜಗಳ ಇರೋದು ಇಲ್ಲಿ. ಈ ಗಂಟು ಯಾರದ್ದು? ನಮ್ಮ ಕಡೆ ಉತ್ತರ ಸಿದ್ಧ ಇರುತ್ತೆ: "ಮನೇಲಿರೋ ಗಂಡುಮಕ್ಕಳದ್ದು." ಕಾನೂನು ಹಾಗೆ ಹೇಳಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಇಲ್ಲದಿದ್ದರೆ, ಹೆಂಗಸಿನ ಸ್ವಂತ ಸ್ವತ್ತು ಮೊದಲು ಹೋಗೋದು ಗಂಡನಿಗೆ ಮತ್ತು ಮಕ್ಕಳಿಗೆ. ಮಗಳಿಗೂ ಮಗನಷ್ಟೇ ಪಾಲು. ನಮ್ಮ ತಾತ ಮೊದಲೇ ಹೋಗಿದ್ದರು. ಹಾಗಾಗಿ ಆ 46 ರೂಪಾಯಿ ನಾಲ್ಕು ಪಾಲು: ನಮ್ಮಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯರು. ಅಪ್ಪ ಬದುಕಿರುವಾಗ ಮೊಮ್ಮಗನಾದ ನನಗೆ ಅದರಲ್ಲಿ ಒಂದು ಕಾಸಿನ ಹಕ್ಕೂ ಇಲ್ಲ. "ಅಜ್ಜಿ ನಂಗೆ ಅಂತ ಇಟ್ಟಿದ್ದು" ಅಂತ ಬೆಂಗಳೂರಿಗೆ ಹೊತ್ತುಕೊಂಡು ಬರೋ ಮೊಮ್ಮಕ್ಕಳು ಇದನ್ನ ಒಂದು ಸಲ ಯೋಚನೆ ಮಾಡಲಿ.

ಅತ್ತೆಯರು ಬಾಯಿಬಿಟ್ಟು ಕೇಳಲ್ಲ. ಎರಡು ಬೆಳ್ಳಿ ನಾಣ್ಯಕ್ಕೆ ತವರಿನ ಬಾಗಿಲು ಮುಚ್ಚಿಕೊಂಡರೆ ಅನ್ನೋ ಭಯ. ಆ ಭಯವನ್ನೇ ನಾವು "ಅವರಿಗೇನೂ ಬೇಡವಂತೆ" ಅಂತ ಓದಿಕೊಳ್ತೀವಿ. ಪಟ್ಟಿ ಇದ್ದರೆ ಈ ಆಟ ನಡೆಯಲ್ಲ. ಎದುರು-ಹಿಂಬದಿ ಫೋಟೋ, ಇಸವಿ, ದೊರೆ ಯಾರು, ತೂಕ, ಟಂಕಸಾಲೆಯ ಗುರುತು, ಸವೆತ ಎಷ್ಟು ಅಂತ ಒಂದು ಶೀಟ್ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಮುಗೀತು. ಬೇಡ ಅನ್ನೋ ಅತ್ತೆ ಏನನ್ನ ಬೇಡ ಅಂತಿದ್ದಾರೆ ಅಂತ ನೋಡಿ ಬೇಡ ಅನ್ನಲಿ. ಬೇಕು ಅನ್ನೋ ಅತ್ತೆ ಸಾಲು ತೋರಿಸಿ, "ಈ ಎಡ್ವರ್ಡ್ ದೊರೆದು ನಂಗಿರಲಿ ಕಣೋ" ಅನ್ನಲಿ.

"ಎರಡು ಸಂಜೆ ವೇಸ್ಟ್ ಮಾಡೋ ಬದಲು ಬಂದಷ್ಟು ಬರಲಿ" ಅನ್ನೋರೂ ಇದ್ದಾರೆ. ಎರಡು ಸಾವಿರದ ಹೆಡ್‌ಫೋನ್ ಕೊಳ್ಳೋಕೆ ನಾಲ್ಕು ದಿನ ರಿವ್ಯೂ ಓದ್ತೀರಲ್ಲ ಸ್ವಾಮಿ! ಅಲ್ಲಿ ಹೋಗೋದು ನಿಮ್ಮ ದುಡ್ಡು. ಇಲ್ಲಿ ನಿಮ್ಮ ಅವಸರಕ್ಕೆ ಹೋಗೋದು ನಾಲ್ಕು ಜನರ ದುಡ್ಡು.

ಮಾರೋದೇ ಆದರೆ ಪಟ್ಟಿ ಇಟ್ಟುಕೊಂಡು ಮಾರಿ. ಸಾಮಾನ್ಯ ಇಸವಿಯ ಸವೆದ ನಾಣ್ಯಗಳಿಗೆ ಆ ದಿನದ ಬೆಳ್ಳಿ ದರದ ಆಸುಪಾಸು ಸಿಕ್ಕರೆ ನ್ಯಾಯವೇ. ಎರಡು-ಮೂರು ಕಡೆ ಕೇಳಿ. ಅಪರೂಪ ಅನ್ನಿಸಿದವನ್ನ ಬೇರೆ ತೆಗೆದಿಟ್ಟು ನಾಣ್ಯ ಪ್ರದರ್ಶನದಲ್ಲೋ ಹರಾಜು ಸಂಸ್ಥೆಯಲ್ಲೋ ತೋರಿಸಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಡಲ್ಲಾಸ್‌ನಲ್ಲಿರೋ ತಮ್ಮನ ಸೂಟ್‌ಕೇಸಿಗೆ ಹಾಕಿ ಕಳಿಸೋದು ಅಪರಾಧ. ಲಾಭಕ್ಕೆ ತೆರಿಗೆಯೂ ಉಂಟು. ಇಂಥ ಹಳೇ ಸ್ವತ್ತಿಗೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಅಸಲು ಅಂತ ಹಿಡಿಯೋಕೆ ಅವಕಾಶ ಇದೆ. ಆ ಲೆಕ್ಕಕ್ಕೂ ಕೈಯಲ್ಲಿ ಪಟ್ಟಿ ಇರಬೇಕು.

ಮುಂದಿನ ಸಲ ಊರಿಗೆ ಹೋದಾಗ ಟ್ರಂಕ್ ತೆಗೆಸಿ. ಒಬ್ಬರೇ ಕೂರಬೇಡಿ, ಅತ್ತೆಗೆ ವಿಡಿಯೋ ಕಾಲ್ ಹಚ್ಚಿ ಒಂದೊಂದೇ ನಾಣ್ಯ ಎಣಿಸಿ ಬರ್ಕೊಳ್ಳಿ. ಅವರೂ ಪಟ್ಟಿ ನೋಡಿ "ಸರಿ, ಮಾರು" ಅಂದ ಮೇಲೆ ತಕ್ಕಡಿ ಹತ್ತಿರ ಹೋಗಿ.