ಅಂಗಳದ ಹಾಡೂ ಒಂದು ಪಾಠವೇ

ಹೆಣ್ಣುಮಕ್ಕಳು ಕೈತಟ್ಟಿ ಹಾಡಿ ಆಡುವುದನ್ನು ಕಾಲಹರಣವೆಂದೆಣಿಸುವವರು ಬಹಳ ಮಂದಿ. ಈ ಎಣಿಕೆಯು ತಪ್ಪೆಂಬುದೇ ನಮ್ಮ ಅಭಿಪ್ರಾಯ. ಇದಕ್ಕೆ ಅಮೇರಿಕಾದಲ್ಲಿನ ಆಫ್ರಿಕಮೂಲದ ಜನರ ಮಕ್ಕಳ ಆಟಗಳೇ ಸಾಕ್ಷಿ.

1739ರಲ್ಲಿ ದಕ್ಷಿಣ ಕೆರೊಲೈನಾದ ಸ್ಟೋನೋ ನದಿಯ ಬಳಿ ಗುಲಾಮರು ದಂಗೆಯೆದ್ದ ತರುವಾಯ, 1740ರ ಕಾನೂನು ಅವರಿಗೆ ಡೋಲನ್ನು ನಿಷೇಧಿಸಿತು. ಡೋಲು ಹೋಯಿತು, ತಾಳವು ಹೋಗಲಿಲ್ಲ. ಅಂಗೈ, ತೊಡೆ, ಪಾದಗಳು ಅದನ್ನು ಉಳಿಸಿಕೊಂಡವು. ಹಾಗೆ ಉಳಿಸಿದವರಲ್ಲಿ ಬಾಲಿಕೆಯರೂ ಸೇರಿದ್ದಾರೆ. ಅವರು ವೃತ್ತವಾಗಿ ನಿಂತು ಒಬ್ಬಳನ್ನು ನಡುವೆ ನಿಲ್ಲಿಸುವರು. ಅವಳು ಕುಣಿದು ಮತ್ತೊಬ್ಬಳನ್ನು ಆರಿಸುವಳು. ಸರದಿಯಂತೆ ಎಲ್ಲರಿಗೂ ನಡುವಿನ ಸ್ಥಾನವು ದೊರೆಯುವುದು. ನಾಚುವ ಹುಡುಗಿಗೆ ಇದಕ್ಕಿಂತ ಮಿಗಿಲಾದ ಶಿಕ್ಷಣವುಂಟೇ?

ಜಾರ್ಜಿಯಾ ಕರಾವಳಿಯ ಸೇಂಟ್ ಸೈಮನ್ಸ್ ದ್ವೀಪದಲ್ಲಿ ಬಾಳಿದ ಬೆಸ್ಸಿ ಜೋನ್ಸ್ ಎಂಬವರು ಇಂಥ ಆಟಗಳನ್ನು ನೆನಪಿನಲ್ಲಿಟ್ಟು, ಬೆಸ್ ಲೋಮ್ಯಾಕ್ಸ್ ಹಾಸ್ ಎಂಬವರೊಡನೆ 1972ರಲ್ಲಿ ಗ್ರಂಥರೂಪಕ್ಕೆ ತಂದರು. ಪುರುಷರ ಜನಪ್ರಿಯ ಗೀತೆಗಳು ಬಾಲಿಕೆಯರ ಆಟಗಳಿಂದ ಎರವು ಪಡೆದಿರುವುದನ್ನು ಕೈರಾ ಗಾಂಟ್ ಎಂಬ ವಿದುಷಿಯು 2006ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಗಾಯಕರಿಗೆ ಹೆಸರೂ ಹಣವೂ ಬಂದವು. ಹಾಡು ಕಟ್ಟಿದ ಮಕ್ಕಳ ಹೆಸರು ಯಾರಿಗೂ ತಿಳಿಯದು. ಇದು ನ್ಯಾಯವಲ್ಲ.

ನಾವೂ ಎಷ್ಟೋ ಸಾರಿ ಗದ್ದಲವೆಂದು ಗದರಿಸಿ ಇಂಥ ಆಟಗಳನ್ನು ನಿಲ್ಲಿಸಿದ್ದೇವೆ. ಅದಕ್ಕಾಗಿ ಈಗ ವ್ಯಸನಪಡುತ್ತೇವೆ. ತಾಯಿತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ನೀವು ಬಾಲ್ಯದಲ್ಲಿ ಹಾಡಿದ ಹಾಡುಗಳನ್ನು ನಿಮ್ಮ ಮಕ್ಕಳಿಗೆ ಕಲಿಸಿರಿ. ಅವನ್ನು ಯಾರಿಂದ ಕಲಿತಿರೆಂಬುದನ್ನೂ ಮರೆಯದೆ ಹೇಳಿರಿ.