ಮೂರು ಬಿಳಿ ಕಲ್ಲುಗಳು

ಮಕ್ಕಳೇ, ನನ್ನ ಮೇಜಿನ ಮೇಲೆ ಮೂರು ಬಿಳಿ ಕಲ್ಲುಗಳಿವೆ. ಮೂರೂ ನಿಂಬೆಹಣ್ಣಿನ ಗಾತ್ರ. ನೋಡಿದರೆ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಆದರೆ ಎರಡು ಮಾತ್ರ ಒಂದೇ ಮನೆತನದವು, ಇನ್ನೊಂದು ಹೊರಗಿನದು. ಅದು ಯಾವುದು? ಬಣ್ಣವನ್ನು ನಂಬಿದರೆ ತಿಳಿಯದು. ಕಲ್ಲನ್ನೇ ಕೇಳಬೇಕು.

ಮೊದಲ ಪ್ರಶ್ನೆಯನ್ನು ಉಗುರಿನಿಂದ ಕೇಳೋಣ. ಗೀರಿದಾಗ ಒಂದು ಕಲ್ಲಿನ ಮೇಲೆ ಗೆರೆ ಮೂಡಿತು. ಇದು ಜಿಪ್ಸಂ. ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ಜಿಪ್ಸಂಗೆ ಸಿಗುವುದು 2. ನಮ್ಮ ಉಗುರು ಅದಕ್ಕಿಂತ ಸ್ವಲ್ಪ ಗಟ್ಟಿ.

ಎರಡನೆಯ ಪ್ರಶ್ನೆ ತೂಕದ್ದು. ಉಳಿದ ಎರಡನ್ನು ಎರಡು ಅಂಗೈಗಳಲ್ಲಿಟ್ಟು ತೂಗಿ ನೋಡಿದೆ. ಒಂದು ಕೈ ತಟ್ಟನೆ ಕೆಳಗಿಳಿಯಿತು. ಇದು ಬೆರೈಟ್. ಅಷ್ಟೇ ಗಾತ್ರದ ನೀರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಭಾರ. ‘ಭಾರ’ ಎಂಬ ಅರ್ಥದ ಗ್ರೀಕ್ ಪದದಿಂದಲೇ ಅದಕ್ಕೆ ಹೆಸರು ಬಂದಿದೆ.

ಮೂರನೆಯದನ್ನು ನಿಂಬೆರಸ ಕೇಳಲಿ. ಪ್ರತಿ ಕಲ್ಲನ್ನೂ ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ಒಂದೊಂದು ಹನಿ ಬಿಟ್ಟೆ. ಕೊನೆಯ ಕಲ್ಲಿನ ಪುಡಿಯಲ್ಲಿ ಸಣ್ಣ ಗುಳ್ಳೆಗಳೆದ್ದವು. ಇದು ಕ್ಯಾಲ್ಸೈಟ್, ಸುಣ್ಣದ ಕಲ್ಲಿನಲ್ಲಿರುವ ಖನಿಜ. ಹೊರಗಿನವನು ಸಿಕ್ಕಿಬಿದ್ದ! ಜಿಪ್ಸಂ, ಬೆರೈಟ್ ಎರಡೂ ಸುಮ್ಮನಿದ್ದವು. ಅವು ಸಲ್ಫೇಟ್ ಮನೆತನದವು. ಗಂಧಕ ಮತ್ತು ಆಮ್ಲಜನಕ ಸೇರಿದ ಕಣ ಆ ಮನೆತನದ ಗುರುತು.

ಹಾಗೆಂದು ಗುಳ್ಳೆ ಬರದ್ದೆಲ್ಲ ಸಲ್ಫೇಟ್ ಅಲ್ಲ. ಬೆಣಚುಕಲ್ಲೂ ಸುಮ್ಮನಿರುತ್ತದೆ. ಆದರೆ ಅದು ಗಾಜನ್ನು ಗೀರುತ್ತದೆ, ಇವೆರಡೂ ಗೀರಲಾರವು. ಆದ್ದರಿಂದ ಒಂದೇ ಉತ್ತರ ಕೇಳಿ ತೀರ್ಪು ಕೊಡಬಾರದು.

ಸಿಕ್ಕ ಜಾಗವೂ ಸಾಕ್ಷಿ ಹೇಳುತ್ತದೆ. ಸಮುದ್ರದ ನೀರು ಒಣಗುತ್ತಾ ಬಂದಾಗ ಅಡುಗೆ ಉಪ್ಪಿಗಿಂತ ಮೊದಲೇ ಜಿಪ್ಸಂ ಹರಳುಗಟ್ಟುತ್ತದೆ. ರಾಜಸ್ಥಾನದ ನಾಗೌರ್, ಬಿಕಾನೇರ್ ಕಡೆ ಅದು ಹೇರಳ. ಭೂಮಿಯೊಳಗಿನ ಬಿಸಿನೀರಿನಲ್ಲೂ ಬೆಳೆಯುತ್ತದೆ. ಮೆಕ್ಸಿಕೋದ ನೈಕಾ ಗಣಿಯಲ್ಲಿ 2000ದಲ್ಲಿ ಸಿಕ್ಕ ಗುಹೆಯೊಂದರಲ್ಲಿ ಸುಮಾರು 11 ಮೀಟರ್ ಉದ್ದದ ಜಿಪ್ಸಂ ಹರಳುಗಳಿವೆ, ತೆಂಗಿನ ಮರ ಅಡ್ಡ ಬಿದ್ದ ಹಾಗೆ! ಬೆರೈಟ್‌ಗಾದರೆ ದೂರ ಹೋಗಬೇಕಿಲ್ಲ. ನೆರೆಯ ಆಂಧ್ರದ ಮಂಗಂಪೇಟೆಯ ನಿಕ್ಷೇಪ ಜಗತ್ತಿನಲ್ಲೇ ಹೆಸರಾದದ್ದು.

ಒಂದು ಎಚ್ಚರಿಕೆ: ಯಾವ ಕಲ್ಲನ್ನೂ, ಹರಳನ್ನೂ ನಾಲಿಗೆಗೆ ಮುಟ್ಟಿಸಬೇಡಿ. ಅಡಿಕೆ ತೋಟಕ್ಕೆ ಸುಣ್ಣದ ಜೊತೆ ಬೆರೆಸಿ ಸಿಂಪಡಿಸುವ ನೀಲಿ ಮೈಲುತುತ್ತವೂ ಸಲ್ಫೇಟೇ. ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಹೊಟ್ಟೆಗೆ ಹೋದರೆ ವಿಷ.

ಅಜ್ಜ-ಅಜ್ಜಿಯರೇ, ಹೊಟ್ಟೆಯ ಎಕ್ಸ್-ರೇ ತೆಗೆಯುವ ಮುನ್ನ ನಿಮಗೆ ಸುಣ್ಣದ ತಿಳಿಯಂಥ ಬಿಳಿ ದ್ರವ ಕುಡಿಸಿದ್ದರೇ? ಅದು ಶುದ್ಧೀಕರಿಸಿದ ಬೇರಿಯಂ ಸಲ್ಫೇಟ್, ಅಂದರೆ ಬೆರೈಟ್‌ನಲ್ಲಿರುವ ವಸ್ತುವೇ. ಕರಗುವ ಬೇರಿಯಂ ವಿಷ. ಆದರೆ ಈ ಸಲ್ಫೇಟ್ ನೀರಿನಲ್ಲೂ ಕರಗದು, ಹೊಟ್ಟೆಯ ಆಮ್ಲದಲ್ಲೂ ಕರಗದು. ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಎಕ್ಸ್-ರೇಯನ್ನು ತಡೆದು ಕರುಳಿನ ಆಕಾರವನ್ನು ಬಿಳಿಯಾಗಿ ತೋರಿಸುತ್ತದೆ. ಕರಗುವುದೇ, ಇಲ್ಲವೇ ಎಂಬ ಒಂದು ಗುಣದ ಮೇಲೆ ಜೀವ ನಿಂತಿದೆ ನೋಡಿ.

ಈ ವಾರ ನಿಮಗೊಂದು ಕೆಲಸ. ಸೀಮೆಸುಣ್ಣದ ಒಂದು ತುಂಡನ್ನು ಪುಡಿ ಮಾಡಿ, ಅದರ ಮೇಲೆ ನಿಂಬೆರಸ ಬಿಡಿ. ಹನಿ ಕಣ್ಣಿಗೆ ಸಿಡಿಯದಂತೆ ಅಜ್ಜನೋ ಅಜ್ಜಿಯೋ ಪಕ್ಕದಲ್ಲಿರಲಿ. ಗುಳ್ಳೆ ಬಂದರೆ ಕ್ಯಾಲ್ಸೈಟ್‌ನ ಬಳಗ. ಬರದಿದ್ದರೆ ಅದು ಬಹುಶಃ ಜಿಪ್ಸಂ. ಹೆಸರಿನಲ್ಲಿ ಮಾತ್ರ ಸುಣ್ಣ!