ಹೇಳಿಕೊಳ್ಳದ ಬೇನೆ

ಪುರಾಣಶ್ರವಣಕ್ಕೆ ಕುಳಿತಾಗ ‘ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿ ಜನ್ಮವೆತ್ತಿ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಹಿರಿಯರು ಕಿರಿಯರು ಒಟ್ಟಿಗೇ ಇದ್ದರೂ ಆಗ ಯಾರಿಗೂ ಸಂಕೋಚವಾಗುವುದಿಲ್ಲ. ಉತ್ಪತ್ತಿಸ್ಥಾನವೆಂಬುದೇ ಆ ಶಬ್ದದ ಅರ್ಥ. ಆದರೆ ಅದೇ ಶಬ್ದವನ್ನು ಮನೆಯ ಹೆಣ್ಣುಮಗಳ ಆರೋಗ್ಯದ ಸಂಬಂಧವಾಗಿ ಆಡಬೇಕಾಗಿ ಬಂದರೆ ನಾಲಗೆ ತೊದಲುತ್ತದೆ. ಕನ್ನಡ ಪಾಠ ಹೇಳಿ ಜೀವನ ಸಾಗಿಸುವ ನನ್ನ ನಾಲಗೆಯೂ ಇದಕ್ಕೆ ಹೊರತಾಗಿರಲಿಲ್ಲ.

ಈ ಸಂಕೋಚಕ್ಕೆ ನನ್ನ ಅಕ್ಕ ಎರಡು ವರ್ಷ ದಂಡ ತೆತ್ತಳು. (ಅವಳ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ಬಿಳಿಸೆರಗು ಹೆಚ್ಚಿ, ಅದಕ್ಕೆ ದುರ್ವಾಸನೆಯೂ ಸೇರಿತು. ಅವಳು ಅಮ್ಮನ ಕಿವಿಯಲ್ಲಿ ಮಾತ್ರ ಹೇಳಿಕೊಂಡಳು. ಅಮ್ಮ “ಉಷ್ಣ ಕಣೇ” ಎಂದು ಎಳನೀರು, ಬಾರ್ಲಿ ಗಂಜಿ ಕುಡಿಸಿದರು. ತನ್ನ ಶುಚಿತ್ವದಲ್ಲಿಯೇ ಏನೋ ಕೊರತೆಯೆಂದು ಭ್ರಮಿಸಿ ಅಕ್ಕ ದಿನಕ್ಕೆ ಮೂರು ಬಾರಿ ಸಾಬೂನಿನಿಂದ ಒಳಭಾಗವನ್ನು ತೊಳೆಯತೊಡಗಿದಳು. ಕೊನೆಗೊಮ್ಮೆ ಲೇಡಿ ಡಾಕ್ಟರ ಬಳಿಗೆ ಹೋದಾಗ ಅವರು ಆಡಿದ ಮೊದಲ ಮಾತು ಇದು: “ಮೊದಲು ತೊಳೆಯುವುದನ್ನು ನಿಲ್ಲಿಸಿಯಮ್ಮ. ನಿಮ್ಮ ಕಾವಲುಗಾರರನ್ನು ನೀವೇ ಹೊರಗಟ್ಟುತ್ತಿದ್ದೀರಿ.”

ಯಾರು ಈ ಕಾವಲುಗಾರರು? 1892ರಲ್ಲಿ ಆಲ್ಬರ್ಟ್ ಡೋಡರ್ಲೈನ್ ಎಂಬ ಜರ್ಮನ್ ವೈದ್ಯರು ಯೋನಿಯಲ್ಲಿ ನೆಲೆಸಿರುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳನ್ನು ವರ್ಣಿಸಿದರು. ಲ್ಯಾಕ್ಟೋಬ್ಯಾಸಿಲಸ್ ಎಂದು ಅವುಗಳ ಹೆಸರು. ಇವು ನಮ್ಮ ಮನೆಯ ಮೊಸರಿನ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳ ದಾಯಾದಿಗಳು. ಪ್ರಾಯಕ್ಕೆ ಬಂದ ಸ್ತ್ರೀಯರ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತು ಸಂಗ್ರಹವಾಗುತ್ತದೆ. ಅದರಿಂದ ಒದಗುವ ಸಕ್ಕರೆಯನ್ನು ಉಂಡು ಇವು ಲ್ಯಾಕ್ಟಿಕ್ ಆಮ್ಲವನ್ನು ಸ್ರವಿಸುತ್ತವೆ. ನೀರಿನ ಪಿ.ಎಚ್. ಮಾನ 7 ಆದರೆ ಇಲ್ಲಿಯದು ಸಾಮಾನ್ಯವಾಗಿ 4.5ಕ್ಕಿಂತ ಕಡಮೆ. ಆ ಹುಳಿಯಲ್ಲಿ ಕೆಡುಕಿನ ಸೂಕ್ಷ್ಮಜೀವಿಗಳು ತಲೆಯೆತ್ತುವುದು ಕಷ್ಟ. ಅಮೆರಿಕದಲ್ಲಿ 396 ಸ್ತ್ರೀಯರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಯಲ್ಲಿ ಇವುಗಳದೇ ಪ್ರಾಬಲ್ಯ ಕಂಡುಬಂತು. ಉಳಿದವರಲ್ಲಿಯೂ ರೋಗಲಕ್ಷಣಗಳೇನೂ ಇರಲಿಲ್ಲ. ಎಲ್ಲರ ದೇಹವನ್ನೂ ಒಂದೇ ಅಚ್ಚಿನಲ್ಲಿ ಎರೆದಿಲ್ಲವಷ್ಟೆ!

ಈ ಕಾವಲು ಕುಸಿದಾಗ ಗಾರ್ಡ್‌ನೆರೆಲ್ಲ ಮೊದಲಾದ ಅನ್ಯ ಬ್ಯಾಕ್ಟೀರಿಯಾಗಳು ಹೆಚ್ಚಿಕೊಳ್ಳುತ್ತವೆ. ಬ್ಯಾಕ್ಟೀರಿಯಲ್ ವೆಜಿನೋಸಿಸ್ ಎಂಬ ಸ್ಥಿತಿ ಇದೇ. ಅನೇಕರಿಗೆ ಇದು ಬಂದದ್ದೇ ತಿಳಿಯುವುದಿಲ್ಲ. ಆದರೆ ಇದಿರುವ ಗರ್ಭಿಣಿಯರಲ್ಲಿ ಅಕಾಲ ಪ್ರಸವದ ಸಂಭವ ಹೆಚ್ಚು, ಎಚ್.ಐ.ವಿ. ಮೊದಲಾದ ಸೋಂಕುಗಳು ತಗಲುವ ಅಪಾಯವೂ ಹೆಚ್ಚು. ಇದು ಎಲ್ಲಿಯೋ ದೂರದೇಶದ ಮಾತೆಂದು ತಿಳಿಯಬೇಡಿ. 2005–06ರಲ್ಲಿ ನಮ್ಮ ಮೈಸೂರಿನಲ್ಲಿಯೇ ನಡೆದ ಅಧ್ಯಯನದಲ್ಲಿ ಪರೀಕ್ಷೆಗೊಳಗಾದ 863 ಯುವತಿಯರ ಪೈಕಿ 165 ಮಂದಿಯಲ್ಲಿ, ಅಂದರೆ ಹೆಚ್ಚು ಕಡಮೆ ಐವರಲ್ಲಿ ಒಬ್ಬರಂತೆ, ಇದು ಕಂಡುಬಂದಿತ್ತು.

ಕಾವಲು ಕುಸಿಯುವುದೇಕೆ? ಒಳಭಾಗವನ್ನು ತೊಳೆಯುವ ಅಭ್ಯಾಸ ಇದಕ್ಕೆ ನೆರವಾಗುತ್ತದೆ. ಇದಲ್ಲದೆ ವಿಜ್ಞಾನಿಗಳು ಸಂಶಯಪಡುವ ಇನ್ನೊಬ್ಬ ವೈರಿಯೂ ಉಂಟು. ಬ್ಯಾಕ್ಟೀರಿಯಾಗಳಿಗೂ ವೈರಸ್ಸುಗಳ ಕಾಟವಿದೆ. 1915ರಲ್ಲಿ ಟ್ವಾರ್ಟ್, 1917ರಲ್ಲಿ ದೆರೆಲ್ ಎಂಬವರು ಇವನ್ನು ಕಂಡರು. ದೆರೆಲ್ ಇಟ್ಟ ಹೆಸರು ಬ್ಯಾಕ್ಟೀರಿಯೋಫೇಜ್; ಬ್ಯಾಕ್ಟೀರಿಯಾಭಕ್ಷಕ ಎನ್ನಬಹುದು. ಕೆಲವು ಫೇಜ್‌ಗಳು ಹೊಕ್ಕೊಡನೆ ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾದ ವಂಶವಾಹಿಯಲ್ಲಿಯೇ ಬೆರೆತು ತಲೆಮಾರುಗಳ ಕಾಲ ಅಡಗಿರುತ್ತವೆ. ಹಣ್ಣಿನೊಳಗೆ ಹುಳುವಾಗಿ ಕುಳಿತು ಪರೀಕ್ಷಿದ್ರಾಜನ ಅರಮನೆ ಹೊಕ್ಕ ತಕ್ಷಕನ ನೆನಪಾಗುವುದಿಲ್ಲವೆ? ಸಮಯ ಒದಗಿದಾಗ ಎಚ್ಚೆತ್ತು, ಸಂತತಿ ಬೆಳೆಸಿ, ಆಶ್ರಯವಿತ್ತ ಬ್ಯಾಕ್ಟೀರಿಯಾವನ್ನೇ ಸಿಡಿಸಿ ಹೊರಬರುತ್ತವೆ. ಸಿಗರೇಟಿನ ಹೊಗೆಯಿಂದುಂಟಾಗುವ ಒಂದು ರಾಸಾಯನಿಕವು ಯೋನಿಯ ಲ್ಯಾಕ್ಟೋಬ್ಯಾಸಿಲಸ್‌ಗಳಲ್ಲಿ ಮಲಗಿದ್ದ ಫೇಜ್‌ಗಳನ್ನು ಎಬ್ಬಿಸುವುದೆಂದು 2000ದಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಲಾಯಿತು. ದೇಹದೊಳಗೆ ಕಾವಲು ಕುಸಿಯಲು ಇದೇ ಮುಖ್ಯ ಕಾರಣವೆಂದು ಮಾತ್ರ ಇನ್ನೂ ಸಿದ್ಧವಾಗಿಲ್ಲ. ವಿಷಕ್ಕೆ ವಿಷವೇ ಮದ್ದೆಂಬಂತೆ, ಫೇಜ್‌ಗಳ ಕಿಣ್ವವನ್ನೇ ತಿದ್ದಿ ಗಾರ್ಡ್‌ನೆರೆಲ್ಲವನ್ನು ಮಾತ್ರ ಕೊಂದು ಕಾವಲುಗಾರರನ್ನು ಉಳಿಸುವ ಪ್ರಯತ್ನವೂ ಪ್ರಯೋಗಶಾಲೆಗಳಲ್ಲಿ ಫಲ ಕಂಡಿದೆ.

ಅಕ್ಕನಿಗೆ ಡಾಕ್ಟರು ಮೆಟ್ರೊನಿಡಜೋಲ್ ಮಾತ್ರೆ ಕೊಟ್ಟರು. ಗುಣವಾಯಿತು, ಮೂರು ತಿಂಗಳಿಗೆ ಮರಳಿತು. ಮತ್ತೆ ಔಷಧ, ಮತ್ತೆ ಮರುಕಳಿಕೆ. ಗುಣವಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ವರ್ಷದೊಳಗೆ ಹೀಗೆ ಮರಳುವುದುಂಟಂತೆ. “ನನ್ನ ಮೈಯೇ ಕೊಳಕು” ಎಂದು ಅಕ್ಕ ಅತ್ತಳು.

ಆಗ ಡಾಕ್ಟರು, “ಮುಂದಿನ ಸಲ ನಿಮ್ಮ ಯಜಮಾನರನ್ನೂ ಕರೆತನ್ನಿ” ಎಂದರು. ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದ ಸಂಶೋಧಕರು 164 ದಂಪತಿ-ಜೋಡಿಗಳೊಡನೆ ನಡೆಸಿದ ಪರೀಕ್ಷೆಯ ಫಲ 2025ರಲ್ಲಿ ಪ್ರಕಟವಾಗಿತ್ತು. ಹೆಣ್ಣಿಗೆ ಮಾತ್ರ ಔಷಧ ಕೊಟ್ಟಲ್ಲಿ ಹನ್ನೆರಡು ವಾರಗಳಲ್ಲಿ ನೂರಕ್ಕೆ 63 ಮಂದಿಗೆ ಬೇನೆ ಮರಳಿತು. ಗಂಡಿಗೂ ಏಳು ದಿನ ಮಾತ್ರೆ, ಮುಲಾಮು ಕೊಟ್ಟಲ್ಲಿ 35 ಮಂದಿಗೆ ಮಾತ್ರ.

ಭಾವನವರು ಮೊದಲು ಮುಖ ಗಂಟಿಕ್ಕಿದರು. “ನನಗೇನಾಗಿದೆ?” ಎಂದರು. ಮರುದಿನ ತಾವಾಗಿಯೇ ಔಷಧದಂಗಡಿಗೆ ಹೋಗಿ ಚೀಟಿ ಕೊಟ್ಟರು. ಬೇನೆ ಇನ್ನೆಂದೂ ಮರಳದೆಂದು ಯಾರೂ ಮಾತು ಕೊಟ್ಟಿಲ್ಲ. ಆದರೆ ಅಕ್ಕ ಈಗ ಅಳುವುದಿಲ್ಲ.

ಬಿಳಿಸೆರಗೆಲ್ಲ ರೋಗವಲ್ಲ, ತುಸು ಇರುವುದು ಸಹಜ. ವಾಸನೆ, ಬಣ್ಣ, ತುರಿಕೆ, ನೋವು ಕಂಡರೆ ಪರೀಕ್ಷೆ ಅವಶ್ಯ. ಎಲ್ಲದಕ್ಕೂ ಒಂದೇ ಮಾತ್ರೆ ಸಲ್ಲದು. ಬೂಷ್ಟಿನಿಂದಾಗುವ ಸೋಂಕಿಗೆ ಬೇರೆ ಮದ್ದೇ ಬೇಕು. ತೊಳೆಯಲು ಹೊರಭಾಗಕ್ಕೆ ನೀರು ಸಾಕು. ಒಳಭಾಗವನ್ನು ಕಾವಲುಗಾರರಿಗೆ ಬಿಡಿ. ಇನ್ನು ಗಂಡಸರಿಗೊಂದು ಮಾತು: ಮನೆಯ ಹೆಂಗಸರು ಹೇಳಿಕೊಳ್ಳದಿರುವುದಕ್ಕೆ ಅವರ ನಾಚಿಕೆಯೊಂದೇ ಕಾರಣವಲ್ಲ, ಕೇಳಲಾರದ ನಮ್ಮ ಕಿವಿಯೂ ಕಾರಣ.